ಮೈಗೆ ಹತ್ತಿದ ಗುಳಿಗೆ

ನನಗೆ ಬಂದ ಕಾಯಿಲೆಗೆ ಒಂದು ಉದ್ದನೆಯ ಇಂಗ್ಲಿಷ್ ಹೆಸರಿದೆ. ಅದನ್ನು ನಾನು ಯಾರ ಮುಂದೆಯೂ ಹೇಳಲು ಹೋಗುವುದಿಲ್ಲ. ಕೇಳಿದವರಿಗೆ "ಗುಳಿಗಿ ಜಡ್ಡು" ಎಂದುಬಿಡುತ್ತೇನೆ. ಅವರು ನಗುತ್ತಾರೆ. ಗುಳಿಗೆಯಿಂದ ಜಡ್ಡು ಹೋಗುವುದನ್ನು ಕೇಳಿದ್ದೇವೆ, ಗುಳಿಗೆಯೇ ಜಡ್ಡಾಗುವುದು ಎಲ್ಲಿಯಾದರೂ ಉಂಟೇ ಎನ್ನುತ್ತಾರೆ. ಉಂಟು. ನನ್ನ ಮೈಮೇಲೆ ಆಗಿದೆ. ಅದನ್ನು ಬರೆಯಲು ಕುಳಿತರೆ ಈಗಲೂ ಸಿಟ್ಟಿಗೆ ಪೆನ್ನು ಹಾಳೆಯನ್ನು ಹರಿಯುತ್ತದೆ. ಬರೆಯದಿದ್ದರೆ ಈ ಸಿಟ್ಟು ನನ್ನನ್ನೇ ತಿಂದುಹಾಕುತ್ತದೆ, ಆದ್ದರಿಂದ ಬರೆಯುತ್ತಿದ್ದೇನೆ.

ನಾನು ಬಸ್ಸಿನ ಲೇಡಿ ಕಂಡಕ್ಟರ್. ಮನೆ ಮೂಡಲಗಿಯಲ್ಲಿ, ಡ್ಯೂಟಿ ಗೋಕಾಕದಿಂದ. ಬಹಳ ವರ್ಷ ಹುಕ್ಕೇರಿ ರೂಟಿನಲ್ಲೇ ಇದ್ದೆ. ಹೆಂಗಸರಿಗೆ ಪುಕ್ಕಟೆ ಪ್ರಯಾಣ ಆದ ಮೇಲೆ ಬಸ್ಸಿನಲ್ಲಿ ಕಾಲಿಡಲೂ ಜಾಗವಿಲ್ಲ. ಆ ಗದ್ದಲದಲ್ಲಿ ಟಿಕೆಟ್ ಮಷಿನ್ ಹಿಡಿದು ಮುಂದಿನ ಬಾಗಿಲಿನಿಂದ ಹಿಂದಿನ ಸೀಟಿನವರೆಗೆ ನುಗ್ಗಿಕೊಂಡು ಹೋಗುವುದೆಂದರೆ ದಿನವೂ ಕುಸ್ತಿ ಆಡಿದ ಹಾಗೆ. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರುಗಳು ಅಗೆದು ಹಾಕಿದ ರಸ್ತೆ ಬೇರೆ. ಸಂಜೆ ಮನೆಗೆ ಬಂದಾಗ ಸೊಂಟ ನನ್ನದಲ್ಲ, ಮೊಣಕಾಲು ನನ್ನದಲ್ಲ. ಆದರೂ ಆ ಕೆಲಸ ನನಗೆ ಪ್ರಾಣ. ಬಸ್ಸಿನ ನಡುವೆ ಕಂಬ ಹಿಡಿಯದೆ ನಿಲ್ಲುವುದು ನನ್ನ ಜಂಬ. ಹೊಸ ಹುಡುಗರು ಕಂಬ ಅಪ್ಪಿಕೊಂಡು ಟಿಕೆಟ್ ಹರಿಯುವುದನ್ನು ಕಂಡರೆ ನನಗೆ ನಗು ಬರುತ್ತಿತ್ತು. ನಾನು ಡಾಕ್ಟರನ್ನು ಕೇಳಿದ್ದು ಇಷ್ಟೇ: ನನ್ನ ಬಸ್ಸಿನಲ್ಲಿ ನನ್ನ ಕಾಲ ಮೇಲೆ ನಿಲ್ಲುವ ಹಾಗೆ ಮಾಡಿ ಎಂದು.

ಆ ಡಾಕ್ಟರು ಗೋಕಾಕದ ಒಂದು ಓಣಿಯಲ್ಲಿದ್ದಾರೆ. ಹೆಸರು ಬರೆಯುವುದಿಲ್ಲ. ಬರೆದರೂ ಏನೂ ಆಗುವುದಿಲ್ಲ, ಅಂಥವರು ಓಣಿಗೊಬ್ಬರಿದ್ದಾರೆ. ಅವರ ಕೈಗುಣದ ಸುದ್ದಿ ನನಗೆ ಬಸ್ಸಿನಲ್ಲೇ ಸಿಕ್ಕಿತು. ಘಟಪ್ರಭಾದಲ್ಲಿ ಹತ್ತುವ ಹೆಂಗಸರು ಹುಕ್ಕೇರಿ ಬರುವವರೆಗೆ ಅವರದೇ ಮಾತು. ಒಬ್ಬಳು ಒಂದು ಸೂಜಿಗೆ ಎದ್ದು ನಿಂತಳು, ಇನ್ನೊಬ್ಬಳಿಗೆ ಎರಡು ಬಾಟಲಿ ಸಲಾಯಿನ್ ಹಚ್ಚಿದರು, ಮರುದಿನ ಕಳೆ ತೆಗೆಯಲು ಹೋದಳು. ನಮ್ಮ ಕಡೆ ಸೂಜಿ ಹಾಕದವನು ಡಾಕ್ಟರೇ ಅಲ್ಲ. ಬಿಸಿನೀರು ಕುಡಿ, ವಿಶ್ರಾಂತಿ ತಗೋ ಎಂದು ಕಳಿಸಿದರೆ, ಇದನ್ನು ಹೇಳಲು ಅವನೇ ಆಗಬೇಕಿತ್ತೇ, ನಮ್ಮತ್ತೆ ಸಾಲದೇ ಎಂದು ಬೈಯುತ್ತಾರೆ.

ನಾನೂ ಹೋದೆ. ಸರಿಯಾಗಿ ನೋಡಲೂ ಇಲ್ಲ ಆ ಮನುಷ್ಯ. ಎಲ್ಲಿ ನೋವು ಎಂದು ಕೇಳಿದರು, ಸೊಂಟದಿಂದ ಶುರು ಮಾಡಿ ಮೊಣಕಾಲಿಗೆ ಬರುವಷ್ಟರಲ್ಲಿ ಸೂಜಿ ತುಂಬಿ ಆಗಿತ್ತು. ಕಂಪೌಂಡರ್ ಒಂದು ಹಾಳೆಯ ಪೊಟ್ಟಣದಲ್ಲಿ ಬಿಡಿ ಗುಳಿಗೆಗಳನ್ನು ಕಟ್ಟಿ ಕೊಟ್ಟ: ಬಿಳಿಯದು, ಹಳದಿಯದು, ಮತ್ತು ಸಣ್ಣದೊಂದು ಗುಲಾಬಿ ಬಣ್ಣದ್ದು. ಹೆಸರಿಲ್ಲ, ಚೀಟಿ ಇಲ್ಲ. ಗುಲಾಬಿ ಗುಳಿಗೆ ಯಾತರದ್ದು ಎಂದು ಕೇಳಿದ್ದಕ್ಕೆ ಅವನು ಪವರಿನದು ಎಂದ. ಸಂಜೆಗೆಲ್ಲ ನೋವು ಎಲ್ಲಿಗೆ ಹೋಯಿತೋ. ಮನೆಗೆ ಬಂದು ನಿಂತೇ ರೊಟ್ಟಿ ಬಡಿದೆ. ಅತ್ತೆ ಪಡಸಾಲೆಯಿಂದಲೇ ಆ ಡಾಕ್ಟರಿಗೆ ಕೈ ಮುಗಿದರು.

ಪೊಟ್ಟಣ ಮುಗಿದರೆ ನೋವು ಮರಳಿ ಬರುತ್ತಿತ್ತು, ಬಂದದ್ದು ಮೊದಲಿಗಿಂತ ಜೋರಾಗಿ. ಮತ್ತೆ ಹೋದೆ. ಮತ್ತೆ ಪೊಟ್ಟಣ. ಹೀಗೆ ಒಂದು ವರ್ಷದ ಹತ್ತಿರ ಬಂತು. ಅಷ್ಟರಲ್ಲಿ ನನಗೆ ಹಸಿವು ಶುರುವಾಯಿತು. ಅಂಥ ಹಸಿವನ್ನು ನಾನು ಬಸುರಿಯಾಗಿದ್ದಾಗಲೂ ಕಂಡಿರಲಿಲ್ಲ. ಡಬ್ಬಿಯ ರೊಟ್ಟಿ ಮುಗಿಸಿ, ಬಸ್‌ಸ್ಟ್ಯಾಂಡಿನಲ್ಲಿ ಮಂಡಕ್ಕಿ ತಿಂದು, ಡ್ರೈವರ್ ಮಾರುತಿಯಣ್ಣನ ಡಬ್ಬಿಗೂ ಕೈ ಹಾಕುತ್ತಿದ್ದೆ. ಕೆನ್ನೆ ತುಂಬಿದವು. ಕುತ್ತಿಗೆಯ ಎಲುಬು ಮುಚ್ಚಿಹೋದವು. ಮುಖ ಹುಣ್ಣಿಮೆ ಚಂದ್ರನ ಹಾಗೆ ಗುಂಡಗಾಗಿ ಹೊಳೆಯತೊಡಗಿತು.

ಇನ್ನು ಮುಂದಿನದನ್ನು ಬರೆಯುವಾಗ ನನಗೆ ಅಳು ಬರುತ್ತದೋ ನಗು ಬರುತ್ತದೋ ತಿಳಿಯುವುದಿಲ್ಲ. ಎಲ್ಲರಿಗೂ ಖುಷಿಯೋ ಖುಷಿ. ಮದುವೆಯಾಗಿ ಬಂದಾಗಿನಿಂದ ನಾನು ಕಡ್ಡಿ. "ಸೊಸೆಗೆ ಉಣ್ಣಲು ಹಾಕುವುದಿಲ್ಲವೇನು" ಎಂಬ ಮಾತನ್ನು ಅತ್ತೆ ಓಣಿಯಲ್ಲಿ ಎಷ್ಟು ವರ್ಷ ನುಂಗಿಕೊಂಡಿದ್ದರೋ. ಈಗ ಅವರು ನನ್ನನ್ನು ಕರೆದುಕೊಂಡು ಬೇಕೆಂದೇ ಓಣಿಯ ತುದಿಯವರೆಗೆ ಹೋಗಿ ಬರುತ್ತಿದ್ದರು. ಸಂಬಂಧಿಕರ ಮನೆಯ ಬಸುರಿಯ ಕುಬಸದ ಕಾರ್ಯಕ್ಕೆ ಹೋದಾಗ ಹೆಂಗಸರೆಲ್ಲ ನನ್ನ ಸುತ್ತ ಕುಳಿತು ಏನು ಉಣ್ಣುತ್ತೀ ಎಂದು ಕೇಳಿದರು.

"ಉಂಡದ್ದು ಈಗ ಮೈಗೆ ಹತ್ತಾಕತ್ತೈತಿ ನನ್ನ ಸೊಸಿಗಿ," ಎಂದರು ಅತ್ತೆ, ಎಲ್ಲರಿಗೂ ಕೇಳುವ ಹಾಗೆ.

ಅಲ್ಲಿಂದ ಮನೆಗೆ ಬಂದವರೇ ನನ್ನನ್ನು ಹೊಸ್ತಿಲಲ್ಲಿ ನಿಲ್ಲಿಸಿ ಉಪ್ಪು, ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿದರು. ಘಾಟು ಬರಲಿಲ್ಲ. ದೃಷ್ಟಿ ಬಹಳ ತಾಕಿದೆ ಎಂದು ಮತ್ತೊಂದು ಹಿಡಿ ಇಳಿಸಿದರು. ಹೀಗೆ ನಮ್ಮ ಮನೆಯಲ್ಲಿ ಒಂದು ವಿಷಕ್ಕೆ ದೃಷ್ಟಿ ತೆಗೆದರು. ಅತ್ತೆಯ ಮೇಲೆ ನನಗೆ ಎಳ್ಳಷ್ಟೂ ಸಿಟ್ಟಿಲ್ಲ. ಮುಖ ತುಂಬಿದರೆ ಸುಖ ಎಂದು ನಾವು ತಲೆತಲಾಂತರದಿಂದ ಓದಿಕೊಂಡು ಬಂದವರು. ಅದು ಹಾಗಲ್ಲ ಎಂದು ಗೊತ್ತಿದ್ದವನು ಒಬ್ಬನೇ ಇದ್ದ. ನಾನು ಪ್ರತಿಸಲ ಅವನ ಎದುರು ಕುಳಿತಾಗ ಅವನು ಆ ಮುಖವನ್ನು ನೋಡುತ್ತಲೇ ಇದ್ದ. ನೋಡಿ ನೋಡಿ ಪೊಟ್ಟಣ ಕಟ್ಟಿಸಿದ.

ಆಮೇಲೆ ಮೈ ಬೇರೆ ಮಾತು ಆಡತೊಡಗಿತು. ಟಿಕೆಟ್ ಮಷಿನ್ನಿನ ಅಂಚು ತಾಕಿದರೂ ಕೈ ನೀಲಿಗಟ್ಟುತ್ತಿತ್ತು. ಹೊಟ್ಟೆಯ ಮೇಲೆ ಬದನೆಕಾಯಿ ಬಣ್ಣದ ಗೆರೆಗಳು ಎದ್ದವು. ಗದ್ದದ ಮೇಲೆ ಕೂದಲು ಬಂದವು, ಅವನ್ನು ಬಾಗಿಲು ಹಾಕಿಕೊಂಡು ಕಿತ್ತುಕೊಳ್ಳುತ್ತಿದ್ದೆ. ಒಂದು ದಿನ ಹುಕ್ಕೇರಿ ಸ್ಟ್ಯಾಂಡಿನಲ್ಲಿ ಇಳಿದವಳಿಗೆ ಮತ್ತೆ ಬಸ್ಸಿನ ಮೆಟ್ಟಿಲು ಹತ್ತಲು ಆಗಲಿಲ್ಲ. ನೋವಿಲ್ಲ, ತೊಡೆಯಲ್ಲಿ ಶಕ್ತಿಯೇ ಇಲ್ಲ. ಹಿಂದಿದ್ದ ಹೆಂಗಸು, ಅಕ್ಕಾರಿಗೆ ಮೈ ಬಂದು ಭಾರವಾಗಿದೆ ಎಂದು ನಗುತ್ತ ನನ್ನನ್ನು ಮೇಲೆ ದೂಡಿದಳು. ನಾನೂ ನಕ್ಕೆ.

ಡಾಕ್ಟರಿಗೆ ಹೇಳಿದೆ. ನಿಶ್ಶಕ್ತಿ ಎಂದರು, ಸಲಾಯಿನ್ ಹಚ್ಚಿದರು.

ಅದಾದ ಸ್ವಲ್ಪ ದಿನಕ್ಕೆ ಅವರು ಯಾತ್ರೆಗೆ ಹೋದರು. ದವಾಖಾನೆಗೆ ಬೀಗ. ನನ್ನ ಪೊಟ್ಟಣ ಮುಗಿದಿತ್ತು. ಅವರು ಬರಲಿ, ಅಲ್ಲಿಯವರೆಗೆ ನೋವು ತಡೆದುಕೊಂಡರಾಯಿತು ಎಂದುಕೊಂಡೆ. ಗುಳಿಗೆಯನ್ನು ಒಮ್ಮೆಲೇ ನಿಲ್ಲಿಸಬಾರದು ಎಂದು ಯಾರೂ ಹೇಳಿರಲಿಲ್ಲ. ಹೇಳಬೇಕಾದರೆ ಅದು ಎಂಥ ಗುಳಿಗೆ ಎಂದು ಹೇಳಬೇಕಾಗುತ್ತಿತ್ತಲ್ಲ. ಮೊದಲು ವಾಂತಿ ಶುರುವಾಯಿತು. ಆಮೇಲೆ ಕಣ್ಣು ಕತ್ತಲೆ. ಪಿತ್ತ ಎಂದುಕೊಂಡು ಡ್ಯೂಟಿಗೆ ಹೋದೆ. ಹುಕ್ಕೇರಿಗೆ ಇನ್ನೂ ಅರ್ಧ ದಾರಿ ಇರುವಾಗ ನಿಂತಲ್ಲೇ ಬಿದ್ದೆ. ಮಾರುತಿಯಣ್ಣ ಯಾವ ಸ್ಟಾಪಿನಲ್ಲೂ ನಿಲ್ಲಿಸದೆ ತುಂಬಿದ ಬಸ್ಸನ್ನು ನೇರವಾಗಿ ಹುಕ್ಕೇರಿಯ ಸರಕಾರಿ ದವಾಖಾನೆಯ ಮುಂದೆ ತಂದು ನಿಲ್ಲಿಸಿದನಂತೆ. ಇಳಿಯಬೇಕಾದವರು ಒಬ್ಬರೂ ಗೊಣಗಲಿಲ್ಲವಂತೆ. ಯಾರದೋ ಸೆರಗಿನಲ್ಲಿ ನನ್ನ ಮುಖ ಒರೆಸಿದ್ದು ಮಾತ್ರ ನನಗೆ ನೆನಪಿದೆ. ಆ ಜನರಿಗೆ ನಾನು ಋಣಿ. ಆ ಪೊಟ್ಟಣ ನುಂಗಬೇಡಿ ಎಂದು ಅವರ ಮುಂದೆ ಕಿರುಚಬೇಕು ಎನಿಸುವುದೂ ಅದಕ್ಕೇ.

ಅಲ್ಲಿಂದ ಬೆಳಗಾವಿಯ ದೊಡ್ಡ ಆಸ್ಪತ್ರೆಗೆ ಒಯ್ದರು. ನನ್ನ ಗಂಡ ಬಸವರಾಜ ಮೂಡಲಗಿಯಲ್ಲಿ ಪಂಪ್‌ಸೆಟ್ಟಿನ ಮೋಟಾರು ರಿಪೇರಿ ಮಾಡುತ್ತಾನೆ. ಅಂಗಡಿಯಿಂದ ಗ್ರೀಸಿನ ಕೈಯಲ್ಲೇ ಓಡಿಬಂದಿದ್ದ, ಜೊತೆಗೆ ಅತ್ತೆಯೂ ಬಂದಿದ್ದರು. ಅಲ್ಲಿದ್ದ ಡಾಕ್ಟರು ಒಬ್ಬ ಸಣ್ಣ ವಯಸ್ಸಿನ ಹೆಣ್ಣುಮಗಳು. ನನ್ನ ಮುಖ ನೋಡಿದಳು, ಹೊಟ್ಟೆಯ ಮೇಲಿನ ಸೀರೆ ಸರಿಸಿ ಗೆರೆ ನೋಡಿದಳು. ಯಾವ ಗುಳಿಗೆ ನುಂಗುತ್ತಿದ್ದರು, ಹೆಸರು ಹೇಳಿ ಎಂದಳು.

"ಗುಲಾಬಿ ಬಣ್ಣದ್ದು ಸಣ್ಣದ್ರಿ ಮೇಡಮ್ಮಾರ. ಒಂದು ಬಿಳೇದು, ಒಂದು ಹಳದಿ," ಎಂದ ಬಸವರಾಜ.

"ಬಣ್ಣ ಕೇಳಿ ನಾ ಹೆಂಗ್ರಿ ಔಷಧ ಮಾಡ್ಲಿ?"

ಖಾಲಿ ಪೊಟ್ಟಣ ಅವನ ಜೇಬಿನಲ್ಲೇ ಇತ್ತು. ತೆಗೆದು ಕೊಟ್ಟ. ಅದು ಯಾವುದೋ ಹಳೆಯ ಪಂಚಾಂಗದ ಹಾಳೆ. ಆಕೆ ಎರಡೂ ಕಡೆ ತಿರುಗಿಸಿ ನೋಡಿ ಮೇಜಿನ ಮೇಲೆ ಇಟ್ಟಳು. ಮೋಟಾರು ಸುಟ್ಟರೆ ತಂದವನನ್ನು ಕೇಳದೇ ಯಾವ ತಂತಿ, ಎಷ್ಟು ಸುತ್ತು ಎಂದು ಹೇಳುವ ನನ್ನ ಗಂಡ, ಹೆಂಡತಿಯ ಹೊಟ್ಟೆಗೆ ವರ್ಷವಿಡೀ ಏನು ಹೋಯಿತು ಎನ್ನುವುದಕ್ಕೆ ಬಣ್ಣ ಬಿಟ್ಟು ಬೇರೆ ಗೊತ್ತಿಲ್ಲದೆ ನಿಂತಿದ್ದ. ಗೋಡೆಗೆ ಮುಖ ಮಾಡಿ ಅತ್ತನಂತೆ. ಅವನು ಹೇಳಲಿಲ್ಲ, ಅತ್ತೆ ಹೇಳಿದರು.

ಆ ಡಾಕ್ಟರಮ್ಮ ಲಕ್ಷಣ ನೋಡಿ, ರಕ್ತ ತೆಗೆಸಿ ಹೇಳಿದಳು: ಸ್ಟೆರಾಯ್ಡ್. ಎಲ್ಲೆಲ್ಲಿ ನಿಜವಾಗಿ ಬೇಕೋ ಅಲ್ಲಿ ಅದು ಜೀವ ಉಳಿಸುವ ಔಷಧವೇ. ನನ್ನ ಸೊಂಟನೋವಿಗೆ ಅದು ಬೇಕಿರಲಿಲ್ಲ. ಹೊರಗಿನಿಂದ ದಿನವೂ ಬರುತ್ತದೆ ಎಂದು ಮೈ ಅಂಥದ್ದನ್ನು ತಾನೇ ತಯಾರಿಸುವ ಕೆಲಸವನ್ನೇ ಬಿಟ್ಟು ಕುಳಿತಿದೆ ಎಂದಳು. ಸಕ್ಕರೆ ಕಾಯಿಲೆ ಬಂದಿದೆ, ಎಲುಬು ಜೊಳ್ಳಾಗಿವೆ ಎಂದಳು. ಇನ್ನೂ ಒಂದು ಮಾತು ಹೇಳಿದಳು, ಅದನ್ನು ಕೇಳಿ ನಾನು ಮಲಗಿದಲ್ಲಿಂದಲೇ ಆ ಗೋಕಾಕದವನನ್ನು ಬಾಯಿಗೆ ಬಂದಂತೆ ಬೈದೆ. ಬದುಕಬೇಕಾದರೆ ಅದೇ ಔಷಧವನ್ನು ನಾನು ಇನ್ನೂ ಬಹಳ ದಿನ ತೆಗೆದುಕೊಳ್ಳಬೇಕಂತೆ, ಸ್ವಲ್ಪ ಸ್ವಲ್ಪ ಕಡಿಮೆ ಮಾಡುತ್ತ. ನನ್ನನ್ನು ಕೊಲ್ಲಲು ಬಂದದ್ದರ ಕಾಲು ಹಿಡಿದೇ ನಾನು ಮೇಲೆ ಏಳಬೇಕಿತ್ತು.

ವಾರ್ಡಿನಲ್ಲಿ ನನ್ನ ಪಕ್ಕದ ಹಾಸಿಗೆಯವಳು ಕೌಜಲಗಿಯವಳು, ನನಗಿಂತ ಚಿಕ್ಕವಳು. ಉರಿಮೂತ್ರದಿಂದ ಶುರುವಾದ ಸೋಂಕು ರಕ್ತಕ್ಕೆ ಏರಿತ್ತು. ಯಾವ ಔಷಧವೂ ಹತ್ತುತ್ತಿಲ್ಲ ಎಂದು ಡಾಕ್ಟರುಗಳು ಆಕೆಯ ಅಣ್ಣನಿಗೆ ಹೇಳುತ್ತಿದ್ದರು. ನೆಗಡಿಯಾದರೂ, ಕೆಮ್ಮಾದರೂ ಊರಲ್ಲಿ ಆ್ಯಂಟಿಬಯಾಟಿಕ್ ಎಂಬ ಜೋರಿನ ಗುಳಿಗೆಯನ್ನೇ ಕೊಟ್ಟಿದ್ದರಂತೆ. ಎರಡು ದಿನ ನುಂಗಿ ಆರಾಮಾದ ಕೂಡಲೇ ಉಳಿದದ್ದನ್ನು ಮುಂದಿನ ನೆಗಡಿಗೆಂದು ಎತ್ತಿಡುತ್ತಿದ್ದಳಂತೆ. ಸೊಳ್ಳೆಗೆ ತುಪಾಕಿ ಹಾರಿಸಿ ಹಾರಿಸಿ, ಹುಲಿ ಬಂದಾಗ ಮದ್ದು ಮುಗಿದಿತ್ತು. ಆಕೆಯ ಅಣ್ಣ ನನಗೂ ರೊಟ್ಟಿ, ನಂಚಿಕೊಳ್ಳಲು ಶೇಂಗಾ ಹಿಂಡಿ ಕೊಡುತ್ತಿದ್ದ. ನಾನು ಮನೆಗೆ ಹೊರಟ ದಿನ ಆಕೆಗೆ ಮಾತಾಡಲು ಆಗುತ್ತಿರಲಿಲ್ಲ, ಕಣ್ಣಿನಲ್ಲೇ ಹೋಗಿ ಬಾ ಎಂದಳು. ಆಮೇಲೆ ಫೋನ್ ಮಾಡುವ ಧೈರ್ಯ ನನಗೆ ಬರಲಿಲ್ಲ.

ಗುಳಿಗೆ ಇಳಿಸುವ ತಿಂಗಳುಗಳ ಬಗ್ಗೆ ಹೆಚ್ಚು ಬರೆಯಲಾರೆ. ಒಂದು ಚೂರು ಕಡಿಮೆಯಾದರೂ ಮೈಯ ಗಂಟುಗಂಟೂ ಒದರುತ್ತಿತ್ತು. ಹಾಸಿಗೆಯಿಂದ ಬಚ್ಚಲಿಗೆ ಹೋಗಲು ಗಂಡನ ಹೆಗಲು ಬೇಕಿತ್ತು. ಒಂದು ಮಧ್ಯಾಹ್ನ ನಾನು ನೋವಿಗೆ ದಿಂಬು ಕಚ್ಚಿಕೊಂಡು ಬಿದ್ದಿದ್ದಾಗ ಬಸವರಾಜ ಬಂದು ಪಕ್ಕದಲ್ಲಿ ಕುಳಿತ.

"ಒಂದ್ ಸಲ ಗೋಕಾಕಕ ಹೋಗಿ ಸೂಜಿ ಹಾಕಿಸ್ಕೊಂಡ ಬರೂಣೇನ?" ಎಂದ. "ಒಂದ ಸಲ ಅಷ್ಟ. ನಿನ್ನ ನೋಡಾಕ ಆಗವಲ್ದು ನನಗ."

ಹೌದು ಎನ್ನಲು ಬಾಯಿ ತೆರೆದೆ. ದೇವರಾಣೆ, ತೆರೆದೆ. ಆಗ ಅತ್ತೆ ಎಣ್ಣೆ ಬಟ್ಟಲು ಹಿಡಿದು ಒಳಗೆ ಬಂದರು. ಮಗನಿಗೆ ಏನೂ ಹೇಳಲಿಲ್ಲ, ಅವನ ತೋಳು ಹಿಡಿದು ಎಬ್ಬಿಸಿ ಹೊರಗೆ ಕಳಿಸಿ ಬಾಗಿಲು ಮುಂದೆ ಮಾಡಿದರು. ಆಮೇಲೆ ನನ್ನ ಕಾಲನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡು ಸಂಜೆಯವರೆಗೆ ತಿಕ್ಕಿದರು. ಅವರದು ವಯಸ್ಸಾದ ಕೈ. ಔಷಧಕ್ಕಿಂತ ಆ ಕೈ ದೊಡ್ಡದು ಎಂದು ಬರೆದರೆ ಸುಳ್ಳಾಗುತ್ತದೆ, ನೋವು ಹಾಗೇ ಇತ್ತು. ಆದರೆ ಆ ದಿನ ನಾನು ಗೋಕಾಕಕ್ಕೆ ಹೋಗಲಿಲ್ಲ.

ನಿಧಾನವಾಗಿ ಮುಖ ಇಳಿಯಿತು. ಕುತ್ತಿಗೆಯ ಎಲುಬು ಮತ್ತೆ ಕಂಡವು. ಬೆಳಗಾವಿಯ ಡಾಕ್ಟರಮ್ಮ ನನ್ನ ಗಲ್ಲ ಹಿಡಿದು ಆಚೀಚೆ ತಿರುಗಿಸಿ ನೋಡಿ ಬಹಳ ಸಂತೋಷಪಟ್ಟಳು. ನಮ್ಮ ಓಣಿಯಲ್ಲಿ ಮಾತ್ರ ಸೂತಕದ ಕಳೆ. ಏನಾಗಿದೆ ಈಕೆಗೆ, ಎಂಥ ಮುಖ ಹೇಗೆ ಬಾಡಿತು ಎಂದು ಅತ್ತೆಯನ್ನು ಮರೆಗೆ ಕರೆದು ಕೇಳುತ್ತಿದ್ದರು. ಜಡ್ಡಿನಲ್ಲಿದ್ದಾಗ ನನಗೆ ದೃಷ್ಟಿ ತಾಕುತ್ತಿತ್ತು, ವಾಸಿಯಾದಾಗ ಕರುಣೆ ಹುಟ್ಟುತ್ತಿದೆ. ಇಂಥ ಜನರ ನಡುವೆ ಆ ಡಾಕ್ಟರಿಗೆ ಬೇರೆ ಜಾಹೀರಾತು ಯಾಕೆ ಬೇಕು?

ನಡುವೆ ನನಗೆ ಜ್ವರ, ನೆಗಡಿ ಆಯಿತು. ಹೆದರಿಕೊಂಡು ಬೆಳಗಾವಿಗೆ ಓಡಿದೆವು. ಡಾಕ್ಟರಮ್ಮ ಪೂರ್ತಿ ತಪಾಸಣೆ ಮಾಡಿ, ನೆಗಡಿಗೆಂದು ಏನೂ ಬೇಡ, ಅದು ತಾನೇ ಹೋಗುತ್ತದೆ, ನಡೆಯುತ್ತಿರುವ ಗುಳಿಗೆಯನ್ನು ಜ್ವರ ಇಳಿಯುವವರೆಗೆ ಇಷ್ಟು ಹೆಚ್ಚಿಸಿ ತೆಗೆದುಕೊಳ್ಳಿ ಎಂದು ತಿಳಿಸಿ ಹೇಳಿದಳು. ಅರ್ಧ ತಾಸು ಕೂಡಿಸಿಕೊಂಡು ಮಾತಾಡಿದಳು. ಹೊರಗೆ ಬಂದ ಮೇಲೆ ಬಸವರಾಜ, ಇಷ್ಟು ದೂರ ಬಂದು ಖಾಲಿ ಕೈಯಲ್ಲಿ ಹೋಗುವುದೇ ಎಂದ. ಇಷ್ಟೆಲ್ಲ ಕಂಡವನು, ಅವನೇ. ನನಗೆ ಅವನ ತಲೆಗೆ ಒಂದು ಕೊಡಬೇಕೆನಿಸಿತು. ನಿಜ ಹೇಳಬೇಕೆಂದರೆ ನನ್ನ ಕೈಗೂ ಏನೋ ಒಂದು ಪೊಟ್ಟಣ ಬೇಕೆನಿಸುತ್ತಿತ್ತು.

ರೂಟು ಹೋಯಿತು. ಎಲುಬಿನ ಫೋಟೊ ನೋಡಿದವರು ಅಲುಗಾಡುವ ಬಸ್ಸಿನಲ್ಲಿ ನಿಲ್ಲಬಾರದು, ಬಿದ್ದರೆ ಮುರಿಯುತ್ತದೆ ಎಂದರು. ಈಗ ನಾನು ಗೋಕಾಕ ಬಸ್‌ಸ್ಟ್ಯಾಂಡಿನಲ್ಲಿ ಪಾಸ್ ಕೊಡುವ ಕಿಟಕಿಯಲ್ಲಿ ಕುಳಿತಿರುತ್ತೇನೆ. ಹುಕ್ಕೇರಿ ಬಸ್ಸು ಹೊರಡುವಾಗ ಮಾರುತಿಯಣ್ಣ ನನ್ನ ಕಿಟಕಿಯ ಮುಂದೆ ಒಂದು ಹಾರ್ನ್ ಹೊಡೆದೇ ಹೋಗುತ್ತಾನೆ. ಅವನಿಗೆ ಅದು ಪ್ರೀತಿ. ನಾನು ತಲೆ ಎತ್ತುವುದಿಲ್ಲ. ಸೊಂಟನೋವು ಇನ್ನೂ ಇದೆ, ಅದಕ್ಕೆ ಕಲಿಸಿಕೊಟ್ಟ ವ್ಯಾಯಾಮ ಮಾಡುತ್ತೇನೆ, ಅರ್ಧ ಕಡಿಮೆಯಾಗಿದೆ. ಇಷ್ಟನ್ನು ಮೊದಲೇ ಒಬ್ಬರು ಹೇಳಿದ್ದರೆ ನಾನು ಇವತ್ತು ಆ ಬಸ್ಸಿನ ನಡುವೆ ನಿಂತಿರುತ್ತಿದ್ದೆ.

ಮೊನ್ನೆ ಒಂದು ದಿನ ಆ ಹಾರ್ನ್ ಕೇಳಿ ತಲೆ ಕೆಟ್ಟಿತು. ಊಟದ ಬಿಡುವಿನಲ್ಲಿ ಎದ್ದವಳೇ ಆ ಓಣಿಗೆ ಹೋದೆ. ಏನು ಕೊಟ್ಟೆ, ಅದರ ಹೆಸರು ಹೇಳು ಎಂದು ಕೇಳಬೇಕಿತ್ತು, ಅಷ್ಟೇ. ಒಳಗೆ ಬೆಂಚುಗಳು ತುಂಬಿದ್ದವು. ಗೋಕಾಕ ಫಾಲ್ಸಿನಿಂದ ಬಂದವರು, ನಿಡಸೋಸಿಯಿಂದ ಬಂದವರು, ಕೈಗೆ ಸಲಾಯಿನ್ ಹಚ್ಚಿಸಿಕೊಂಡು ಗೋಡೆಗೆ ಒರಗಿದವರು. ಮೂಗು ಸೋರುವ ಕೂಸನ್ನು ಸೂಜಿಗೆಂದು ಎತ್ತಿಕೊಂಡು ಬಂದ ತಾಯಿ ಒಬ್ಬಳು. ನನಗೆ ತಡೆಯಲಾಗಲಿಲ್ಲ. ಅಲ್ಲೇ ನಿಂತು, ಟಿಕೆಟ್ ಕೇಳುವ ನನ್ನ ದೊಡ್ಡ ದನಿಯಲ್ಲಿ ಎಲ್ಲವನ್ನೂ ಹೇಳಿದೆ. ಪೊಟ್ಟಣ, ಮುಖ, ಬಸ್ಸಿನಲ್ಲಿ ಬಿದ್ದದ್ದು, ಜೊಳ್ಳಾದ ಎಲುಬು. ಎಲ್ಲರೂ ಗಮನವಿಟ್ಟು ಕೇಳಿದರು. ಒಬ್ಬರೂ ಏಳಲಿಲ್ಲ.

ಡಾಕ್ಟರು ಪರದೆ ಸರಿಸಿ ಹೊರಗೆ ಬಂದರು. ಅವರ ಮುಖದಲ್ಲಿ ಸಿಟ್ಟೇ ಇರಲಿಲ್ಲ.

"ತಂಗಿ, ಬಂದ ದಿನಾ ನೀ ಏನಂದಿ? ನಾಳೆ ಡ್ಯೂಟಿಗಿ ಹೋಗಬೇಕ್ರಿ, ನೋವು ಇಳಿಸ್ರಿ ಅಂದಿ. ಇಳಿಸಿದ್ನೋ ಇಲ್ಲೋ?"

"ಗುಳಿಗಿ ಹೆಸರು ಹೇಳ್ರಿ."

"ನಾ ಕೊಡ್ಲಿಲ್ಲಂದ್ರ ನೀವು ಮುಂದಿನ ಡಾಕ್ಟರ್ ಬೋರ್ಡಿಗಿ ಹೋಗ್ತೀರಿ. ಅಂವಾ ಇದರ ಡಬಲ್ ಕೊಡ್ತಾನ," ಎಂದು ಅವರು ಮೆತ್ತಗೆ ಹೇಳಿ ಪರದೆ ಎಳೆದುಕೊಂಡರು. ಬೆಂಚಿನ ಮೇಲಿದ್ದವರು ಅವರಿಗೆ ತಲೆಯಾಡಿಸಿದರು. ನಾನು ಸಿಕ್ಕ ಜಾಗದಲ್ಲಿ ಕುಳಿತೆ.

ಪಕ್ಕದಲ್ಲಿ ಒಬ್ಬ ಅಜ್ಜಿ ಇದ್ದಳು. ಕುರಿ ಕಾಯುವವರ ಮನೆಯವಳಿರಬೇಕು, ಹೆಗಲ ಮೇಲೆ ಕಂಬಳಿ ಇತ್ತು. ಮೊಣಕಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕುಳಿತಿದ್ದಳು. ನನ್ನ ಬೆನ್ನ ಮೇಲೆ ಕೈ ಇಟ್ಟಳು. ಅವರನ್ನು ಗುಳಿಗೆಯ ಹೆಸರು ಕೇಳು ಅಜ್ಜಿ, ಬರೆದು ಕೊಡು ಅನ್ನು ಎಂದು ನಾನು ಆಕೆಗೆ ಹೇಳಿದೆ.

"ಕೇಳಿದ್ರ ಅವರಿಗೆ ಸಿಟ್ಟ ಬರತೈತಿ ಯವ್ವಾ. ಸಿಟ್ಟಿನ್ಯಾಗ ಕೊಟ್ಟ ಔಷಧ ಹತ್ತೂದಿಲ್ಲ," ಎಂದಳು. ಆಮೇಲೆ ಸೆರಗಿನ ಗಂಟು ಬಿಚ್ಚಿ ತನ್ನ ನಂಬರಿನ ಪ್ಲಾಸ್ಟಿಕ್ ಬಿಲ್ಲೆ ತೆಗೆದು ನನ್ನ ಅಂಗೈಯಲ್ಲಿ ಇಟ್ಟು ಬೆರಳು ಮಡಚಿದಳು. "ನಿನಗ ನನಗಿಂತ ಭಾಳ ತ್ರಾಸ ಆಗೈತಿ. ನನ್ನ ನಂಬರಿಗಿ ನೀ ಒಳಗ ಹೋಗು. ನಾ ಆಮ್ಯಾಲ ಹೋಗ್ತೀನಿ."

ಆಕೆ ಮುಂಜಾನೆಯಿಂದ ಕುಳಿತಿದ್ದಳು. ಆ ಕಾಲಿನಲ್ಲಿ ಎಷ್ಟು ದೂರದಿಂದ ನಡೆದು ಬಂದಿದ್ದಳೋ. ತನ್ನ ಸರದಿಯನ್ನು ನನಗೆ ಕೊಟ್ಟು ಗೋಡೆಗೆ ಒರಗಿ ಕಣ್ಣು ಮುಚ್ಚಿದಳು.

ನಾನು ಒಳಗೆ ಹೋಗಲಿಲ್ಲ. ಬಿಲ್ಲೆಯನ್ನು ಆಕೆಗೆ ವಾಪಸು ಕೊಡಲೂ ಇಲ್ಲ. ಮುಷ್ಟಿಯಲ್ಲಿ ಹಿಡಿದುಕೊಂಡು ಬಾಗಿಲು ದಾಟಿ, ಓಣಿ ದಾಟಿ, ಆಗದ ಕಾಲಿನಲ್ಲಿ ಆದಷ್ಟು ಬೇಗ ಬಸ್‌ಸ್ಟ್ಯಾಂಡಿಗೆ ಬಂದುಬಿಟ್ಟೆ. ಬಿಲ್ಲೆ ಇಲ್ಲದಿದ್ದರೆ ಆ ಒಂದು ದಿನವಾದರೂ ಆಕೆಯನ್ನು ಒಳಗೆ ಬಿಡಲಿಕ್ಕಿಲ್ಲ ಎಂದು ಅನಿಸಿತ್ತು. ಕಂಪೌಂಡರ್ ಆಕೆಗೆ ಬೇರೆ ಬಿಲ್ಲೆ ಕೊಟ್ಟಿರುತ್ತಾನೆ. ಗೊತ್ತು.